ಮೊದಲು ಹುಟ್ಟಿದ್ದು ನಂಬಿಕೆಯೋ, ಅನುಮಾನವೋ?

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರ ಸಣ್ಣ ಕಾಫಿ ತೋಟ. ಮಗಳು ಬೆಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಈ ಸಲ ನಮ್ಮ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ಮನೆಗೆ ಬಂದವಳು ಕಾರೋಣರಿಗೆ (ತೀರಿಹೋದ ಕುಲದ ಹಿರಿಯರಿಗೆ) ಮೀದಿ, ಅಂದರೆ ಎಡೆ, ಇಡುವಾಗ ಜೊತೆಗೆ ನಿಲ್ಲಲಿಲ್ಲ. "ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಹುಟ್ಟುವಾಗ ಎಲ್ಲರೂ ನಾಸ್ತಿಕರೇ. ದೇವರನ್ನು ಹುಟ್ಟುಹಾಕಿದ್ದು ಪೂಜಾರಿಗಳು, ಅವರ ಹೊಟ್ಟೆಪಾಡಿಗೆ" ಅಂದಳು. ನನ್ನ ಬಾವನಿಗೆ ಸಿಟ್ಟು ಬಂತು. "ನಾಸ್ತಿಕತೆ ಫಾರಿನ್‌ನಿಂದ ಬಂದ ಸರಕು. ನಮ್ಮ ಮಣ್ಣಿನದ್ದಲ್ಲ" ಅಂದರು. ಇವರಲ್ಲಿ ಯಾರು ಸರಿ? ಮನುಷ್ಯನಿಗೆ ದೇವರ ನಂಬಿಕೆ ಬಂದದ್ದು ಹೇಗೆ? ದೇವರಿಲ್ಲ ಅನ್ನುವ ಮಾತು ಶುರುವಾದದ್ದು ಎಲ್ಲಿಂದ?

ಉತ್ತರ: ಮಗಳ ಮಾತಿನಲ್ಲಿ ಎರಡು ವಾದ ಇವೆ, ಬಾವನ ಮಾತಿನಲ್ಲಿ ಒಂದು. ಮೂರರಲ್ಲೂ ಸ್ವಲ್ಪ ನಿಜ ಇದೆ. ಆದರೆ ಅವರು ಹೇಳಿದ ರೀತಿಯಲ್ಲಿ ಒಂದೂ ನಿಲ್ಲುವುದಿಲ್ಲ. ನಂಬಿಕೆಯೂ ತುಂಬ ಹಳೆಯದು, ಅನುಮಾನವೂ ತುಂಬ ಹಳೆಯದು. ತಡವಾಗಿ ಬಂದವು ಬೇರೆ ಕೆಲವು: ಅದೇ ಕಸುಬಾಗಿರುವ ಪೂಜಾರಿ, ಎಲ್ಲರ ತಪ್ಪು ಒಪ್ಪು ಲೆಕ್ಕ ಇಡುವ ದೊಡ್ಡ ದೇವರು, ಮತ್ತು 'ನಾನು ನಾಸ್ತಿಕ' ಎಂದು ಊರ ಮುಂದೆ ಹೇಳಿಕೊಳ್ಳುವ ಗುರುತು.

ಪೂಜಾರಿಗಳ ವಾದದಿಂದ ಶುರು ಮಾಡೋಣ. ಅದಕ್ಕೆ ಉತ್ತರ ನಿಮ್ಮ ಕುಲದ ಮೂಲಮನೆಯಾದ ಐನ್‌ಮನೆಯಲ್ಲೇ ಇದೆ. ಕೊಡವರ ಮದುವೆಗೆ ಪುರೋಹಿತರು ಬೇಕಾ? ಬೇಡ. ದೀಪದ ಮುಂದೆ ಮುಕ್ಕಾಲಿ ಮೇಲೆ ಹುಡುಗಿಯೋ ಹುಡುಗನೋ ಕೂತಿರುತ್ತಾರೆ. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕುತ್ತಾರೆ, ಒಂದು ಗುಟುಕು ಹಾಲು ಕುಡಿಸುತ್ತಾರೆ, ಹರಸಿ ಕೈಗೆ ಕಾಣಿಕೆ ಕೊಡುತ್ತಾರೆ. ಅಷ್ಟರಲ್ಲಿ ಮದುವೆಯ ಮುಖ್ಯ ಶಾಸ್ತ್ರ ಮುಗಿಯುತ್ತದೆ. ಹಿರಿಯರ ಗುಡಿಯಾದ ಕೈಮಡದಲ್ಲಿ ಕಾರೋಣನಿಗೆ ಕೋಳಿ, ಹಂದಿ, ಸಾರಾಯಿ ಎಡೆ ಇಡುವವರೂ ಒಕ್ಕದವರೇ, ಅಂದರೆ ಆ ಕುಲದವರೇ. ದಕ್ಷಿಣೆಗೆ ಕೈ ಚಾಚುವವರು ನಡುವೆ ಯಾರೂ ಇಲ್ಲ. ಎಂ.ಎನ್. ಶ್ರೀನಿವಾಸ್ ಕೊಡವರ ಧರ್ಮದ ಬಗ್ಗೆ 1952ರಲ್ಲಿ ಪ್ರಕಟಿಸಿದ ಪುಸ್ತಕ ಸಮಾಜಶಾಸ್ತ್ರದಲ್ಲಿ ಇವತ್ತಿಗೂ ಪಾಠ. ವೈದಿಕ ಪದ್ಧತಿ, ಪುರಾಣದ ದೇವರುಗಳು ಕಾಲಕಾಲಕ್ಕೆ ಹೇಗೆ ಸ್ಥಳೀಯ ಆಚರಣೆಯ ಮೇಲೆ ಬಂದು ಕೂತವು ಅನ್ನುವುದನ್ನು ಅವರು ಅದರಲ್ಲಿ ತೋರಿಸಿದರು. ಹಾಗೆ ಬಂದು ಕೂರಬೇಕಾದರೆ ಕೆಳಗೆ ಮೊದಲೇ ಏನೋ ಇರಬೇಕು. ಆ ಏನೋ ಅಂದರೆ ಕಾರೋಣರು, ನಾತ (ನಾಗ), ದೇವರಕಾಡು, ಮನೆಯ ನಡುಕೋಣೆಯಾದ ನೆಲ್ಲಕ್ಕಿ ಬಾಡೆಯ ದೀಪ.

ಇದು ಕೊಡಗಿನದ್ದು ಮಾತ್ರ ಅಂತ ಅಂದುಕೊಳ್ಳಬೇಡಿ. ಬೇಟೆಯಾಡಿ, ಗೆಡ್ಡೆ ಗೆಣಸು ಕಿತ್ತು ಬದುಕುವ ಸಣ್ಣ ಗುಂಪುಗಳಲ್ಲಿ ಪೂಜೆಯೇ ಕಸುಬಾಗಿರುವವರು ಇರುವುದಿಲ್ಲ. ಅಂಥವರನ್ನು ಸಾಕುವಷ್ಟು ಧಾನ್ಯ ಅವರ ಹತ್ತಿರ ಉಳಿಯುವುದೇ ಇಲ್ಲ. ಜಗತ್ತಿನ ಬೇರೆ ಬೇರೆ ಭಾಗದ ಇಂಥ 33 ಸಮುದಾಯಗಳನ್ನು ಹೋಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಯಾವ ನಂಬಿಕೆ ಹಳೆಯದು, ಯಾವುದು ಹೊಸದು ಎಂದು ಭಾಷೆಗಳ ವಂಶವೃಕ್ಷದ ಸಹಾಯದಿಂದ ಸಂಶೋಧಕರು ಹುಡುಕಿದರು. ಸಿಕ್ಕಿದ್ದು ಇದು: ಎಲ್ಲಕ್ಕಿಂತ ಹಳೆಯದು ಮರ, ಬೆಟ್ಟ, ಪ್ರಾಣಿ ಎಲ್ಲದರಲ್ಲೂ ಜೀವ, ಮನಸ್ಸು ಇದೆ ಅನ್ನುವ ಭಾವ. ಸತ್ತ ಮೇಲೂ ಏನೋ ಉಳಿಯುತ್ತದೆ ಅನ್ನುವುದು ಅದಾದ ಮೇಲೆ. ಮೈಮೇಲೆ ಬರುವವರು, ಹಿರಿಯರ ಪೂಜೆ ಆಮೇಲಿನವು. ಲೋಕವನ್ನೇ ಸೃಷ್ಟಿಸಿದ ಒಬ್ಬ ದೊಡ್ಡ ದೇವರ ಕಲ್ಪನೆ ಈ ಸಾಲಿಗೆ ಸೇರುವುದೇ ಇಲ್ಲ. ಕೆಲವು ಸಮುದಾಯಗಳಲ್ಲಿ ಇದೆ, ಕೆಲವರಲ್ಲಿ ಇಲ್ಲ.

ಹಾಗಾದರೆ ಮಗಳ ಮಾತಿನಲ್ಲಿ ನಿಜ ಎಲ್ಲಿದೆ? ಬೇಸಾಯ ಬಂದು, ಕಣಜ ತುಂಬಿ, ಊರು ಪಟ್ಟಣ ಆದಮೇಲೆ ಇದೆ. ಈಗಿನ ಇರಾಕ್‌ನ ಉರುಕ್ ಪಟ್ಟಣದ ದೇವಾಲಯದ ಆವರಣದಲ್ಲಿ ಕ್ರಿ.ಪೂ. 3300ರ ಆಸುಪಾಸಿನ ಮಣ್ಣಿನ ಹಲಗೆಗಳು ಸಿಕ್ಕಿವೆ. ಜಗತ್ತಿನ ಅತಿ ಹಳೆಯ ಬರಹಗಳಲ್ಲಿ ಅವೂ ಸೇರಿವೆ. ಅದರಲ್ಲಿ ಇರುವುದು ಮಂತ್ರ ಅಲ್ಲ. ಧಾನ್ಯ, ಬಿಯರ್, ಕುರಿ, ಆಳುಗಳ ಲೆಕ್ಕ. ದೇವರ ಹೆಸರಿನಲ್ಲಿ ಜಮೀನು, ಕಣಜ, ತೆರಿಗೆ ಎಲ್ಲ ನಡೆಯುತ್ತಿತ್ತು. ರಾಜ, ಪೂಜಾರಿ ಇಬ್ಬರಿಗೂ ಅದರಿಂದ ಲಾಭ ಇತ್ತು, ಮೋಸವೂ ನಡೆಯಿತು. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ಪೂಜಾರಿ ಬರುವ ಹೊತ್ತಿಗೆ ಜನ ಆಗಲೇ ಎಷ್ಟೋ ಸಾವಿರ ವರ್ಷಗಳಿಂದ ಕಾಣದವರಿಗೆ ಎಡೆ ಇಡುತ್ತಿದ್ದರು. ಅವನು ಇದ್ದದ್ದರ ಯಜಮಾನಿಕೆ ಹಿಡಿದ, ಅಷ್ಟೆ.

ಈಗ 'ಹುಟ್ಟುವಾಗ ಎಲ್ಲರೂ ನಾಸ್ತಿಕರು' ಅನ್ನುವ ಮಾತು. ಕೂಸಿಗೆ ಇಗ್ಗುತ್ತಪ್ಪನೂ ಗೊತ್ತಿಲ್ಲ, ಏಸುವೂ ಗೊತ್ತಿಲ್ಲ, ಅಲ್ಲಾಹನೂ ಗೊತ್ತಿಲ್ಲ. ಅಷ್ಟು ಮಾತ್ರಕ್ಕೆ ನಾಸ್ತಿಕ ಅನ್ನೋದಾದರೆ ಕಾಫಿ ಗಿಡವೂ ನಾಸ್ತಿಕವೇ. ಕೇಳಬೇಕಾದ ಪ್ರಶ್ನೆ ಬೇರೆ. ಯಾರೂ ಹೇಳಿಕೊಡದಿದ್ದರೂ ಮಕ್ಕಳ ಮನಸ್ಸು ಯಾವ ಕಡೆ ವಾಲುತ್ತದೆ?

ಡೆಬೊರಾ ಕೆಲೆಮೆನ್ ಎಂಬ ಮನೋವಿಜ್ಞಾನಿ ಅಮೆರಿಕದ ಪ್ರೈಮರಿ ಶಾಲೆ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿದರು. ಈ ಬಂಡೆಗಳು ಯಾಕೆ ಚೂಪಾಗಿವೆ? ಒಂದು ಉತ್ತರ, ಕಾಲ ಕಳೆದಂತೆ ಚೂರು ಚೂರು ಸೇರಿ ಹಾಗಾಯಿತು ಅಂತ. ಇನ್ನೊಂದು, ಪ್ರಾಣಿಗಳಿಗೆ ಮೈ ತುರಿಸಿದಾಗ ಉಜ್ಜಿಕೊಳ್ಳಲಿ ಅಂತ. ಮಕ್ಕಳು ಜಾಸ್ತಿ ಆರಿಸಿದ್ದು ಎರಡನೆಯದನ್ನೇ. ಎಲ್ಲವೂ ಯಾವುದೋ ಉದ್ದೇಶಕ್ಕಾಗಿ ಇದೆ ಎಂದು ಮಗುವಿಗೆ ಸಹಜವಾಗಿ ಅನ್ನಿಸುತ್ತದೆ. ದೊಡ್ಡವರಾದ ಮೇಲೆ ಇದು ಹೋಗುತ್ತದೆಯಾ ಅಂದರೆ ಪೂರ್ತಿ ಹೋಗುವುದಿಲ್ಲ. ಬೇಗ ಬೇಗ ಉತ್ತರ ಹೇಳಿ ಎಂದು ಅವಸರ ಮಾಡಿದಾಗ ವೃತ್ತಿನಿರತ ವಿಜ್ಞಾನಿಗಳೂ ಇಂಥ ಉತ್ತರಗಳ ಕಡೆ ಜಾರಿದ್ದನ್ನು ಕೆಲೆಮೆನ್ ಮತ್ತು ಸಂಗಡಿಗರು ಆಮೇಲೆ ತೋರಿಸಿದರು.

ಇನ್ನೊಂದು ಪ್ರಯೋಗ 2004ರದ್ದು, ನಿಮ್ಮ ಕಾರೋಣರಿಗೆ ನೇರವಾಗಿ ಸಂಬಂಧಿಸಿದ್ದು. ಜೆಸ್ಸಿ ಬೆರಿಂಗ್ ಎಂಬ ಮನೋವಿಜ್ಞಾನಿ ಮಕ್ಕಳಿಗೆ ಒಂದು ಗೊಂಬೆಯಾಟ ತೋರಿಸಿದರು. ಒಂದು ಇಲಿಮರಿ, ಅದನ್ನು ಮೊಸಳೆ ತಿಂದುಬಿಡುತ್ತದೆ. ಆಮೇಲೆ ಕೇಳಿದರು: ಇಲಿಗೆ ಇನ್ನು ಊಟ ಬೇಕಾ? ಅದು ಇನ್ನೂ ಅಮ್ಮನನ್ನು ಪ್ರೀತಿಸುತ್ತದಾ? ಊಟ ಬೇಡ ಅಂದ ಮಕ್ಕಳೇ ಅಮ್ಮನ ಮೇಲೆ ಪ್ರೀತಿ ಇನ್ನೂ ಇದೆ ಅಂದರು. ಮೈ ನಿಂತುಹೋಗುವುದನ್ನು ಒಪ್ಪುವುದು ಸುಲಭ. ಪ್ರೀತಿ, ಆಸೆ, ಸಿಟ್ಟು ನಿಂತುಹೋದವು ಅಂತ ಒಪ್ಪುವುದು ಕಷ್ಟ. ನಮಗೆ ತೀರಾ ಬೇಕಾದವರು ಹೋದಾಗ ಇದು ನಮಗೇ ಗೊತ್ತಾಗುತ್ತದೆ. ಅವರಿಗೆ ಇಷ್ಟವಾದ ಅಡುಗೆ ಮಾಡಿದ ದಿನ ಅವರ ನೆನಪಾಗುತ್ತದೆ, ಅವರು ಇದ್ದಿದ್ದರೆ ಏನು ಅನ್ನುತ್ತಿದ್ದರು ಎಂದು ಮನಸ್ಸು ತಾನಾಗಿ ಹೇಳುತ್ತದೆ. ಬಾಳೆಲೆಯ ಮೇಲೆ ಕಡಂಬುಟ್ಟು, ಪಂದಿ ಕರಿ ಇಟ್ಟು ಹಿರಿಯರನ್ನು ಕರೆಯುವುದು ಈ ಮನಸ್ಸಿಗೆ ವಿಚಿತ್ರ ಅನ್ನಿಸುವ ಕೆಲಸ ಅಲ್ಲ.

ತೋಟದವರಿಗೆ ಗೊತ್ತಿರುವ ಇನ್ನೊಂದು ಸಂಗತಿ ಇದೆ. ಸಂಜೆ ಮಬ್ಬುಗತ್ತಲಲ್ಲಿ ಲೈನ್‌ಮನೆ ಕಡೆಯಿಂದ ಬರುತ್ತಿರುತ್ತೀರಿ. ಬಿದಿರು ಮೆಳೆಯಲ್ಲಿ ಏನೋ ಮುರಿದ ಸದ್ದು. ಗಾಳಿ ಇರಬಹುದು, ಆನೆಯೂ ಇರಬಹುದು. ಗಾಳಿಯನ್ನು ಆನೆ ಅಂದುಕೊಂಡು ಓಡಿದರೆ ನಷ್ಟ ಏನು? ಒಂದಿಷ್ಟು ಉಸಿರು ಕಟ್ಟುತ್ತದೆ. ಆನೆಯನ್ನು ಗಾಳಿ ಅಂದುಕೊಂಡರೆ ಪ್ರಾಣವೇ ಹೋಗುತ್ತದೆ. ಸದ್ದಿನ ಹಿಂದೆ ಯಾರೋ ಇದ್ದಾರೆ ಎಂದು ಮೊದಲು ಅಂದುಕೊಳ್ಳುವವರೇ ಜಾಸ್ತಿ ಉಳಿದರು, ನಾವೆಲ್ಲ ಅವರ ಮಕ್ಕಳು. ಮಾನವಶಾಸ್ತ್ರಜ್ಞ ಸ್ಟೂವರ್ಟ್ ಗಥ್ರಿ 1993ರಲ್ಲಿ, ಮನೋವಿಜ್ಞಾನಿ ಜಸ್ಟಿನ್ ಬ್ಯಾರೆಟ್ 2000ದಲ್ಲಿ ಈ ದಾರಿಯಲ್ಲಿ ದೇವರ ನಂಬಿಕೆಯ ಹುಟ್ಟನ್ನು ವಿವರಿಸಿದರು. ಇದರ ಮೇಲೆ ವಾದ ಇನ್ನೂ ನಡೆಯುತ್ತಿದೆ. ನನಗೂ ಇದೊಂದೇ ಸಾಕಾಗುವ ಕಾರಣ ಅನ್ನಿಸುವುದಿಲ್ಲ. ಹೆದರಿ ಓಡುವುದಕ್ಕೂ, ಅದೇ ಮೆಳೆಗೆ ವರ್ಷ ವರ್ಷ ಹೋಗಿ ಕೈ ಮುಗಿಯುವುದಕ್ಕೂ ತುಂಬ ದೂರ ಇದೆ.

ಆ ದೂರವನ್ನು ತುಂಬುವುದು ಇನ್ನೊಂದು ಪ್ರಶ್ನೆ: ನನಗೇ ಯಾಕೆ? ಇದನ್ನು ಚೆನ್ನಾಗಿ ಹಿಡಿದಿಟ್ಟವರು ಮಾನವಶಾಸ್ತ್ರಜ್ಞ ಎವನ್ಸ್-ಪ್ರಿಚರ್ಡ್. 1937ರಲ್ಲಿ ಆಫ್ರಿಕಾದ ಅಜಾಂಡೆ ಜನರ ಬಗ್ಗೆ ಬರೆದರು. ಅಲ್ಲಿ ಕಂಬಗಳ ಮೇಲೆ ಕಟ್ಟಿದ ಕಣಜಗಳು ಇರುತ್ತವೆ. ಬಿಸಿಲು ಹೊತ್ತಿನಲ್ಲಿ ಜನ ಅದರ ನೆರಳಲ್ಲಿ ಕೂರುತ್ತಾರೆ. ಒಮ್ಮೊಮ್ಮೆ ಕಣಜ ಕುಸಿದು ಕೆಳಗೆ ಕೂತವರಿಗೆ ಪೆಟ್ಟಾಗುತ್ತದೆ. ಗೆದ್ದಲು ಕಂಬ ತಿಂದಿದೆ ಎಂದು ಅಜಾಂಡೆಗಳಿಗೆ ಚೆನ್ನಾಗಿ ಗೊತ್ತು. ಆದರೆ ಅವರ ಪ್ರಶ್ನೆ ಅದಲ್ಲ. ಇದೇ ಜನ ಕೂತಿದ್ದಾಗಲೇ, ಇದೇ ಗಳಿಗೆಯಲ್ಲೇ ಯಾಕೆ ಬಿತ್ತು? ಅದಕ್ಕೆ ಅವರ ಉತ್ತರ ಮಾಟ.

2018ರ ಆಗಸ್ಟ್ ನೆನಪಿಸಿಕೊಳ್ಳಿ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳೇ ಜಾರಿ ಬಂದವು. ಅತಿಯಾದ ಮಳೆ, ರಸ್ತೆಗೆ ಮನೆಗೆ ಎಂದು ಕಡಿದ ಇಳಿಜಾರು, ನೀರು ಕುಡಿದು ಸಡಿಲವಾದ ಮಣ್ಣು, ಇವೆಲ್ಲ ಕಾರಣ ಎಂದು ಭೂವಿಜ್ಞಾನ ಹೇಳುತ್ತದೆ, ಅದು ಸರಿಯಾದ ಉತ್ತರ. ಆದರೆ ಮನೆ ಕಳೆದುಕೊಂಡವರು ಕೇಳುವುದು ಇನ್ನೊಂದನ್ನು. ಪಕ್ಕದ ಮನೆ ಉಳಿಯಿತು, ನಮ್ಮದು ಯಾಕೆ ಹೋಯಿತು? ಇದಕ್ಕೆ ವಿಜ್ಞಾನದ ಉತ್ತರ 'ಹಾಗೇ ಆಯಿತು, ಕಾರಣ ಅಂತ ಬೇರೆ ಇಲ್ಲ' ಎಂಬುದು. ದುಃಖದಲ್ಲಿ ಇರುವವರಿಗೆ ಇದನ್ನು ನುಂಗುವುದು ಕಷ್ಟ. ಆಗ ದೇವರ ಮುನಿಸು, ಹಿರಿಯರ ಶಾಪ, ಕಾಡು ಕಡಿದ ಪಾಪ ಎಂಬ ಮಾತುಗಳು ಬರುತ್ತವೆ. ನಂಬಿಕೆ ಹುಟ್ಟುವುದು ದಡ್ಡತನದಿಂದ ಎಂದು ಯಾರಾದರೂ ಹೇಳಿದರೆ ನನಗೆ ಬೇಸರವಾಗುತ್ತದೆ. ಗೆದ್ದಲು ಗೊತ್ತಿದ್ದೂ ಮುಂದಿನ ಪ್ರಶ್ನೆ ಕೇಳುವವರು ದಡ್ಡರಲ್ಲ.

ಅನಿಶ್ಚಿತತೆ ಎಷ್ಟು ಜಾಸ್ತಿಯೋ ಆಚರಣೆಯೂ ಅಷ್ಟು ಜಾಸ್ತಿ. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಮೊದಲ ಮಹಾಯುದ್ಧದ ಕಾಲದಲ್ಲಿ ಈಗಿನ ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇದನ್ನು ಗಮನಿಸಿದರು. ಹಿನ್ನೀರಿನಲ್ಲಿ ಮೀನು ಹಿಡಿಯಲು ಹೋಗುವವರು ಯಾವ ಮಂತ್ರವನ್ನೂ ಹಾಕುತ್ತಿರಲಿಲ್ಲ. ಅಪಾಯದ ಹೊರಸಮುದ್ರಕ್ಕೆ ಹೋಗುವಾಗ ಮಾತ್ರ ಉದ್ದುದ್ದ ಶಾಸ್ತ್ರಗಳು. ನಿಮ್ಮ ತೋಟದಲ್ಲೂ ಇದನ್ನು ನೋಡಬಹುದು. ರೊಬಸ್ಟಾಗೆ ಹೂಮಳೆ ಸರಿಯಾದ ಹೊತ್ತಿಗೆ ಬರಬೇಕು. ಮೊಗ್ಗು ಕಾದು ನಿಂತಿರುತ್ತದೆ, ಆಕಾಶ ಒಣಗಿರುತ್ತದೆ, ಇಡೀ ವರ್ಷದ ಫಸಲು ಒಂದು ಮಳೆಯ ಮೇಲೆ ನಿಂತಿರುತ್ತದೆ. ಆ ದಿನಗಳಲ್ಲಿ ಪಾಡಿಯ ಇಗ್ಗುತ್ತಪ್ಪನ ಗುಡಿಗೆ ಹರಕೆ ಹೊರುವವರು ಇರುತ್ತಾರೆ. ಕೆರೆ ತುಂಬ ನೀರು, ಸ್ಪ್ರಿಂಕ್ಲರ್ ಇದ್ದವರ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ. ಅವರೂ ದೇವಸ್ಥಾನಕ್ಕೆ ಹೋಗುತ್ತಾರೆ, ಆದರೆ ಬೇರೆ ಹರಕೆ ಹೊತ್ತು. ಈ ಉದಾಹರಣೆಯನ್ನು ನೆನಪಿಡಿ, ನಾಸ್ತಿಕತೆಯ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಇದೆಲ್ಲ ಶುರುವಾದದ್ದು 'ಯಾವಾಗ' ಅಂತಲೂ ಕೇಳಬಹುದು. ನಂಬಿಕೆ ಮಣ್ಣಿನಲ್ಲಿ ಉಳಿಯುವುದಿಲ್ಲ, ಅದರ ಕುರುಹು ಮಾತ್ರ ಉಳಿಯುತ್ತದೆ. ಇಸ್ರೇಲ್‌ನ ಕಫ್ಜೆ ಗುಹೆಯಲ್ಲಿ 90,000 ವರ್ಷಕ್ಕೂ ಹಿಂದೆ ಹೂಳಿದ ಹೆಣಗಳು, ಕೆಂಪು ಕಾವಿಮಣ್ಣು ಸಿಕ್ಕಿವೆ. ರಷ್ಯಾದ ಸುಂಗೀರ್‌ನಲ್ಲಿ ಸುಮಾರು 34,000 ವರ್ಷದ ಹಿಂದೆ ಇಬ್ಬರು ಮಕ್ಕಳನ್ನು ತಲೆಗೆ ತಲೆ ತಾಗುವಂತೆ ಮಲಗಿಸಿ, ಮ್ಯಾಮತ್ ದಂತದ ಸಾವಿರಾರು ಮಣಿಗಳ ಜೊತೆ ಹೂಳಿದ್ದಾರೆ. ಒಂದೊಂದು ಮಣಿಯನ್ನೂ ಕೈಯಿಂದ ಕೆತ್ತಿ ತೂತು ಕೊರೆಯಬೇಕು. ಸತ್ತ ಮಕ್ಕಳಿಗಾಗಿ ಅಷ್ಟು ದುಡಿದವರು ಏನು ಅಂದುಕೊಂಡಿದ್ದರೋ ನಮಗೆ ಹೇಳುವವರಿಲ್ಲ. ಅದನ್ನು ದೇವರಿಗೆ ಪುರಾವೆ ಎಂದು ಓದುವುದು ಅವಸರ. ಸಾವಿನ ಆಚೆಗೂ ಸಂಬಂಧ ಬಿಡಲಾರದ ಮನಸ್ಸು ಆಗಲೇ ಇತ್ತು ಎಂದಷ್ಟೇ ಹೇಳಬಹುದು. ಕೊಡಗಿನಲ್ಲೂ ಕಬ್ಬಿಣಯುಗದ ಕಲ್ಲುಗೋರಿಗಳು ಇವೆ. ಹಿಂದಿನವರು ಪಾಂಡು ಪಾರೆ ಎಂದು ಕರೆಯುತ್ತಿದ್ದದ್ದು ಇವನ್ನೇ. ದೊಡ್ಡ ಚಪ್ಪಡಿಗಳ ಕೋಣೆ, ಒಳಗೆ ಮಡಕೆ, ಕಬ್ಬಿಣದ ಸಾಮಾನು. ಕಟ್ಟಿದವರ ಹೆಸರು ಮರೆತ ಮೇಲೆ ಜನ ಅದನ್ನು ಪಾಂಡವರಿಗೆ ಕೊಟ್ಟರು.

ಹಳೆಯ ನಂಬಿಕೆಯ ದೇವರು ಹೇಗಿದ್ದ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ನುರಿತ್ ಬರ್ಡ್-ಡೇವಿಡ್ ಎಂಬ ಮಾನವಶಾಸ್ತ್ರಜ್ಞೆ ನೀಲಗಿರಿ-ವಯನಾಡು ಸೀಮೆಯ ನಾಯಕ ಬುಡಕಟ್ಟಿನ ಜೊತೆ ಇದ್ದು 1999ರಲ್ಲಿ ಬರೆದ ಲೇಖನ ತುಂಬ ಹೆಸರಾಯಿತು. ಆ ಜನರೂ 'ದೇವರು' ಎಂಬ ಮಾತನ್ನೇ ಬಳಸುತ್ತಾರೆ. ಅವರ ದೇವರು ಮೇಲೆ ಕೂತು ಆಳುವವನಲ್ಲ. ಬೆಟ್ಟ, ಆನೆ, ಸತ್ತ ಹಿರಿಯ, ಇವರ ಜೊತೆ ಮಾತು, ಜಗಳ, ಹಂಚಿಕೆ ಎಲ್ಲ ನಡೆಯುತ್ತದೆ. ಸಂಬಂಧ ಇದ್ದಷ್ಟು ಹೊತ್ತು ಅದು ದೇವರು. ಕೊಡಗಿನಲ್ಲಿ ಇವತ್ತಿಗೂ 1,200ಕ್ಕೂ ಹೆಚ್ಚು ದೇವರಕಾಡುಗಳು ಲೆಕ್ಕದಲ್ಲಿವೆ. ಗುಡಿ ಇರಲಿ ಬಿಡಲಿ, ಕಾಡೇ ದೇವರದ್ದು. ಆದರೆ ಒತ್ತುವರಿಯಿಂದ ಅವುಗಳ ವಿಸ್ತೀರ್ಣ ಕರಗುತ್ತಾ ಬಂದಿರುವುದನ್ನು ಯೋಚಿಸಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಒತ್ತುವರಿ ಮಾಡಿದವರಲ್ಲಿ ನಾಸ್ತಿಕರು ಹೆಚ್ಚೇನೂ ಇರಲಾರರು.

ಇದೇ ಜಾತಿಯ ಸಂಬಂಧವನ್ನು ಮುಖಾಮುಖಿ ನೋಡಬೇಕಿದ್ದರೆ ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಮಗಳನ್ನು ಕರೆದುಕೊಂಡು ಹೋಗಿ. ಜೇನುಕುರುಬರು, ಯರವರು ವೇಷ ಹಾಕಿಕೊಂಡು, ಡಬ್ಬ ಬಡಿದುಕೊಂಡು, ತಿತಿಮತಿ, ಗೋಣಿಕೊಪ್ಪದ ಬೀದಿಗಳಲ್ಲಿ ಎದುರಿಗೆ ಸಿಕ್ಕವರನ್ನೆಲ್ಲ ಬೈಯುತ್ತಾ ಕಾಸು ಕೇಳುತ್ತಾರೆ. ದೇವರನ್ನೂ ಬಿಡುವುದಿಲ್ಲ. ಅವರ ಕಥೆ ಪ್ರಕಾರ ಅಯ್ಯಪ್ಪ ಅವರನ್ನು ಬೇಟೆಗೆಂದು ಕಾಡಿಗೆ ಕರೆದೊಯ್ದು, ಭದ್ರಕಾಳಿಯನ್ನು ಕಂಡು ಅವಳ ಹಿಂದೆ ಹೊರಟುಹೋದ. ಇವರನ್ನು ಕಾಡಿನಲ್ಲೇ ಬಿಟ್ಟ. ಆ ಸಿಟ್ಟು ವರ್ಷಕ್ಕೊಮ್ಮೆ ಬೈಗುಳವಾಗಿ ಬರುತ್ತದೆ, ಕೊನೆಗೆ ಕ್ಷಮೆ ಕೇಳಿ ಮನೆಗೆ ಹೋಗುತ್ತಾರೆ. ಇದು ನಾಸ್ತಿಕತೆ ಅಲ್ಲ. ಇಲ್ಲದವನನ್ನು ಯಾರು ಬೈಯುತ್ತಾರೆ? ಆದರೆ ದೇವರ ಮುಂದೆ ತಲೆ ಬಗ್ಗಿಸಿ ಸುಮ್ಮನಿರುವುದೇ ಧರ್ಮ ಎಂದು ತಿಳಿದವರಿಗೆ ಇದು ಅರ್ಥವಾಗುವುದಿಲ್ಲ.

ಎಲ್ಲರ ನಡತೆಯನ್ನೂ ನೋಡಿ ಶಿಕ್ಷೆ ಕೊಡುವ ದೊಡ್ಡ ದೇವರು ದೊಡ್ಡ ರಾಜ್ಯಗಳ ಜೊತೆ ಬೆಳೆದ ಎಂದು ಹಲವರು ಹೇಳುತ್ತಾರೆ. ದೇವರು ಮೊದಲೋ ರಾಜ್ಯ ಮೊದಲೋ ಎಂಬುದರ ಮೇಲೆ 2019ರಲ್ಲಿ ಒಂದು ದೊಡ್ಡ ಪ್ರಬಂಧ ಬಂತು, ಮಾಹಿತಿಯನ್ನು ಬಳಸಿದ ರೀತಿಗೆ ಆಕ್ಷೇಪಗಳು ಬಂದು 2021ರಲ್ಲಿ ಅದನ್ನು ವಾಪಸ್ ಪಡೆದರು. ಹಾಗಾಗಿ ಆ ಲೆಕ್ಕ ಇನ್ನೂ ಬಾಕಿ ಇದೆ.

ಈಗ ಬಾವನ ಮಾತಿಗೆ ಬರೋಣ. ಅನುಮಾನಕ್ಕೆ ಫಾರಿನ್‌ಗೆ ಹೋಗಬೇಕಿಲ್ಲ. ಋಗ್ವೇದದ ಎಂಟನೇ ಮಂಡಲದಲ್ಲೇ ನೇಮ ಎಂಬವನ ಮಾತಿದೆ: ಇಂದ್ರ ಇಲ್ಲ, ಅವನನ್ನು ಕಂಡವರು ಯಾರು, ಯಾರನ್ನು ಹೊಗಳೋಣ? ಮುಂದಿನ ಋಕ್ಕಿನಲ್ಲೇ ಇಂದ್ರ 'ಇಗೋ ಇಲ್ಲಿದ್ದೇನೆ' ಅನ್ನುತ್ತಾನೆ. ಆದರೂ ಪ್ರಶ್ನೆ ದಾಖಲಾಯಿತು. ಸುಮಾರು 3,000 ವರ್ಷದ ಹಿಂದೆ, ಯಜ್ಞ ಮಾಡುತ್ತಿದ್ದವರ ನಡುವೆಯೇ ಯಾರೋ ಇದನ್ನು ಕೇಳುತ್ತಿದ್ದರು. ಹತ್ತನೇ ಮಂಡಲದ ನಾಸದೀಯ ಸೂಕ್ತ ಇನ್ನೂ ಮುಂದೆ ಹೋಗುತ್ತದೆ. ಈ ಸೃಷ್ಟಿ ಎಲ್ಲಿಂದ ಬಂತು ಅಂತ ಮೇಲಿರುವ ಅವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದಿರಬಹುದು ಎಂದು ಮುಗಿಯುತ್ತದೆ.

ನನಗೆ ತುಂಬ ಇಷ್ಟವಾದದ್ದು ಪಾಳಿ ಭಾಷೆಯ ದೀಘನಿಕಾಯದಲ್ಲಿ ಬರುವ ಪಾಯಾಸಿಯ ಕಥೆ. ಅವನು ಒಂದು ಸೀಮೆಯ ಅಧಿಪತಿ. ಪರಲೋಕ ಇಲ್ಲ, ಸತ್ತ ಮೇಲೆ ಹುಟ್ಟು ಇಲ್ಲ ಅನ್ನುವವನು. ಸುಮ್ನೆ ಅಂದದ್ದಲ್ಲ, ಪರೀಕ್ಷೆ ಮಾಡಿ ನೋಡಿದ್ದ. ಸಾಯುವ ಸ್ಥಿತಿಯಲ್ಲಿದ್ದ ನೆಂಟರಿಗೆ, 'ನರಕವೋ ಸ್ವರ್ಗವೋ, ಹೋದ ಮೇಲೆ ಬಂದು ಹೇಳಿ' ಎಂದು ಕೇಳಿಕೊಂಡ. ಅವರು ಆಗಲಿ ಅಂದರು, ಯಾರೂ ಬರಲಿಲ್ಲ. ಮರಣದಂಡನೆ ಆದ ಕಳ್ಳನನ್ನು ಜೀವಂತವಾಗಿ ಹಂಡೆಯಲ್ಲಿ ಹಾಕಿಸಿ, ಬಾಯಿಗೆ ಹಸಿ ಚರ್ಮ ಕಟ್ಟಿ, ಮೇಲೆ ಮಣ್ಣು ಮೆತ್ತಿ, ಒಲೆಯ ಮೇಲೆ ಇಡಿಸಿದ. ಸತ್ತ ಮೇಲೆ ಮೆಲ್ಲಗೆ ಬಾಯಿ ತೆರೆದು ಜೀವ ಹೊರಗೆ ಹೋಗುತ್ತದಾ ಎಂದು ನೋಡಿದ. ಏನೂ ಕಾಣಲಿಲ್ಲ. ಇನ್ನೊಬ್ಬನನ್ನು ಸಾಯುವ ಮೊದಲು, ಸತ್ತ ಮೇಲೆ ತೂಕ ಮಾಡಿಸಿದ. ಕ್ರೂರ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಕಥೆಯಲ್ಲಿ ಕೊನೆಗೆ ಬೌದ್ಧ ಭಿಕ್ಷು ಕುಮಾರ ಕಸ್ಸಪ ಅವನನ್ನು ಒಪ್ಪಿಸುತ್ತಾನೆ. ಆದರೆ ನೋಡಿ, ಎಂಥ ಅನುಮಾನ ಅದು! ಅವನು ಯಾವ ಗ್ರಂಥವನ್ನೂ ತೋರಿಸುವುದಿಲ್ಲ, ನೋಡಿ ತೂಗಿ ಹೇಳುತ್ತಾನೆ. ಬುದ್ಧನ ಕಾಲದ ಅಜಿತ ಕೇಶಕಂಬಲಿ ಕೂಡ ಸತ್ತ ಮೇಲೆ ಮೈ ನಾಲ್ಕು ಭೂತಗಳಲ್ಲಿ ಸೇರಿಹೋಗುತ್ತದೆ, ಅಷ್ಟೇ ಎಂದವನು. ದೇವರು, ಪರಲೋಕ ಎರಡನ್ನೂ ಒಪ್ಪದ ಚಾರ್ವಾಕರ ಸ್ವಂತ ಗ್ರಂಥಗಳು ಹೆಚ್ಚುಕಡಿಮೆ ಎಲ್ಲ ಕಳೆದುಹೋಗಿವೆ. ಅವರ ವಾದ ಉಳಿದದ್ದು ಎದುರಾಳಿಗಳ ಬರಹದಲ್ಲಿ. ವಿಜಯನಗರ ಕಾಲದ ಮಾಧವರು ದರ್ಶನಗಳನ್ನು ಒಟ್ಟು ಮಾಡಿ ಬರೆದಾಗ ಮೊದಲ ಅಧ್ಯಾಯವನ್ನೇ ಚಾರ್ವಾಕರಿಗೆ ಕೊಟ್ಟರು.

ಇನ್ನೂ ಹತ್ತಿರದ ಸಾಕ್ಷಿ ಬೇಕಾ? ಶನಿವಾರಸಂತೆ ಕಡೆ ಮುಳ್ಳೂರು ಬಸದಿಗಳಿವೆ. ಕೊಂಗಾಳ್ವ ಅರಸರ ಕಾಲದ್ದು, ಹನ್ನೊಂದನೇ ಶತಮಾನದ್ದು. ಜೈನ ಸಿದ್ಧಾಂತದಲ್ಲಿ ಲೋಕವನ್ನು ಸೃಷ್ಟಿಸಿದ ದೇವರಿಗೆ ಜಾಗವೇ ಇಲ್ಲ. ಲೋಕ ಅನಾದಿ, ಯಾರೂ ಮಾಡಿದ್ದಲ್ಲ. ಸೃಷ್ಟಿಕರ್ತನನ್ನು ಒಪ್ಪದವರು ಕೊಡಗಿನಲ್ಲಿ ಸಾವಿರ ವರ್ಷದ ಹಿಂದೆಯೇ ಕಲ್ಲಿನಲ್ಲಿ ಗುಡಿ ಕಟ್ಟಿ ಪೂಜೆ ಮಾಡಿದ್ದಾರೆ. ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಬೈಲುಕುಪ್ಪೆ. ಅಲ್ಲಿಯ ಬೌದ್ಧರಿಗೂ ಸೃಷ್ಟಿಕರ್ತ ಬೇಕಿಲ್ಲ. ಬಾವನನ್ನು ಒಮ್ಮೆ ಮುಳ್ಳೂರಿಗೆ ಕರೆದುಕೊಂಡು ಹೋಗಿ.

ಗ್ರೀಕರಲ್ಲೂ ಹೀಗೇ ಇತ್ತು. ಕ್ರಿ.ಪೂ. ಐದನೇ ಶತಮಾನದ ಡಯಾಗೊರಾಸ್‌ಗೆ ಗೆಳೆಯನೊಬ್ಬ, ಹರಕೆ ಹೊತ್ತು ಸಮುದ್ರದಿಂದ ಬದುಕಿ ಬಂದವರು ಗುಡಿಯಲ್ಲಿ ಇಟ್ಟ ಚಿತ್ರಗಳನ್ನು ತೋರಿಸಿದನಂತೆ. ಹರಕೆ ಹೊತ್ತೂ ಮುಳುಗಿದವರ ಚಿತ್ರ ಎಲ್ಲಿದೆ ಎಂದು ಅವನು ಕೇಳಿದ. ಓದು ಬರಹ ಇಲ್ಲದ ಸಮಾಜಗಳಲ್ಲೂ ಅನುಮಾನ ಇತ್ತು. ಮೇಲೆ ಹೇಳಿದ ಅಜಾಂಡೆಗಳೇ ತಮ್ಮ ಮಾಂತ್ರಿಕರಲ್ಲಿ ಸುಮಾರು ಜನ ಮೋಸಗಾರರು ಎಂದು ರಾಜಾರೋಷವಾಗಿ ಹೇಳುತ್ತಿದ್ದರು. ಮಾಟವನ್ನು ನಂಬುತ್ತಲೇ ಮಾಂತ್ರಿಕನನ್ನು ನಂಬುತ್ತಿರಲಿಲ್ಲ. ದೈವದ ವೇಷ ಕಟ್ಟಿ ಕುಣಿಯುವ ತೆರೆಯಲ್ಲಿ ಮೈಮೇಲೆ ಬಂದಾಗ ಮೂಲೆಯಲ್ಲಿ ನಿಂತು 'ಇದು ನಿಜವಾ' ಎಂದು ಪಕ್ಕದವರ ಕಿವಿಯಲ್ಲಿ ಕೇಳುವವರು ನಮ್ಮ ಊರುಗಳಲ್ಲೂ ಇರುತ್ತಾರೆ, ಅಲ್ವಾ? ಅನುಮಾನಕ್ಕೆ ಇಷ್ಟು ಸಾಕು.

ಹಾಗಾದರೆ ಯುರೋಪಿನಿಂದ ಬಂದದ್ದು ಏನು? ನಂಬದಿರುವುದನ್ನೇ ಗುರುತು ಮಾಡಿಕೊಂಡು, ಪುಸ್ತಕ ಬರೆದು, ಸಂಘ ಕಟ್ಟಿ, ಕಾನೂನಿನಲ್ಲಿ ಹಕ್ಕು ಕೇಳುವುದು. ಜಾಂ ಮೆಲಿಯೆ ಎಂಬ ಫ್ರಾನ್ಸ್‌ನ ಹಳ್ಳಿ ಪಾದ್ರಿ ಜೀವನವಿಡೀ ಚರ್ಚ್ ನಡೆಸಿ, 1729ರಲ್ಲಿ ಸತ್ತಾಗ ದೇವರಿಲ್ಲ ಎಂದು ಬರೆದ ದೊಡ್ಡ ಕೈಬರಹ ಬಿಟ್ಟುಹೋದರು. ಬದುಕಿದ್ದಾಗ ಹೇಳುವ ಹಾಗಿರಲಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಬ್ರಾಡ್ಲಾ 1880ರಲ್ಲಿ ಪಾರ್ಲಿಮೆಂಟಿಗೆ ಗೆದ್ದರೂ ದೇವರ ಹೆಸರಿನ ಪ್ರಮಾಣದ ತಕರಾರಿನಲ್ಲಿ 1886ರವರೆಗೆ ಸರಿಯಾಗಿ ಕೂರಲು ಬಿಡಲಿಲ್ಲ. ಅದೇ ಬ್ರಾಡ್ಲಾ 1889ರಲ್ಲಿ ಬಾಂಬೆಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದರು. ಆಂಧ್ರದ ಗೋರಾ 1940ರಲ್ಲಿ ನಾಸ್ತಿಕ ಕೇಂದ್ರ ಶುರು ಮಾಡಿದರು. ನಮ್ಮ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಇಷ್ಟು ಮಟ್ಟಿಗೆ ಬಾವ ಹೇಳಿದ್ದರಲ್ಲಿ ಹುರುಳಿದೆ. ಆದರೆ ಹೊರಗಿನಿಂದ ಬಂದದ್ದು ಸಂಘಟನೆಯ ರೀತಿ. ಪ್ರಶ್ನೆ ಇಲ್ಲೇ ಇತ್ತು.

ಜನ ದೊಡ್ಡ ಸಂಖ್ಯೆಯಲ್ಲಿ ನಂಬಿಕೆ ಬಿಡುವುದು ವಾದಗಳಿಂದ ಅಲ್ಲ. ಆಸ್ಪತ್ರೆ, ಪಿಂಚಣಿ, ಶಾಲೆ ಎಲ್ಲ ಗಟ್ಟಿಯಾಗಿರುವ ಸ್ವೀಡನ್, ಡೆನ್ಮಾರ್ಕ್‌ನಂಥ ದೇಶಗಳಲ್ಲಿ ಪೂಜೆ ಪ್ರಾರ್ಥನೆ ತೆಳುವಾಗಿದೆ. ಹೂಮಳೆ ಮತ್ತು ಸ್ಪ್ರಿಂಕ್ಲರಿನ ಕಥೆ ಅಂದೆನಲ್ಲ, ಅದೇ ದೊಡ್ಡ ಪ್ರಮಾಣದಲ್ಲಿ. ಇನ್ನೊಂದು ಕಾರಣ ಮನೆಯೊಳಗಿನದು. ಮನೋವಿಜ್ಞಾನಿ ವಿಲ್ ಗರ್ವೈಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಮಾಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾರು ನಾಸ್ತಿಕರಾಗುತ್ತಾರೆ ಎಂದು ಊಹಿಸಲು ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಬುದ್ಧಿವಂತಿಕೆಯೂ ಅಲ್ಲ, ಓದೂ ಅಲ್ಲ. ಬೆಳೆಯುವಾಗ ಮನೆಯ ಹಿರಿಯರು ನಂಬಿದ್ದನ್ನು ನಡೆದು ತೋರಿಸುವುದನ್ನು ಎಷ್ಟು ಕಂಡಿದ್ದರು ಎಂಬುದು. ಬಾಯಲ್ಲಿ ದೇವರು ಅಂದು ನಡತೆಯಲ್ಲಿ ಕಾಣದಿದ್ದರೆ ಮಕ್ಕಳು ಅದನ್ನು ಗಮನಿಸುತ್ತಾರೆ.

ಕೊನೆಗೆ ಮೀದಿಯ ವಿಚಾರ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಭಾರತದ ನೂರಕ್ಕೆ 97 ಜನ ದೇವರನ್ನು ನಂಬುತ್ತೇವೆ ಅಂದರು. ಬೌದ್ಧರಲ್ಲಿ ಮಾತ್ರ ಮೂರರಲ್ಲಿ ಒಬ್ಬರು ಇಲ್ಲ ಅಂದರು, ಆದರೂ ಅವರು ಬೌದ್ಧರೇ. ಕ್ರೈಸ್ತ, ಇಸ್ಲಾಂ ಧರ್ಮಗಳಲ್ಲಿ 'ನಾನು ಇದನ್ನು ನಂಬುತ್ತೇನೆ' ಎಂದು ಬಾಯಿಬಿಟ್ಟು ಹೇಳುವುದು ಮುಖ್ಯ. ಹಾಗಾಗಿ ಅಲ್ಲಿ ನಂಬಿಕೆ ಹೋದರೆ ಹೊರಗೆ ಹೋದಂತೆ. ಕಾರೋಣರ ಮುಂದೆ ಅಂಥ ಪ್ರಮಾಣ ಯಾರೂ ಕೇಳುವುದಿಲ್ಲ. ಹಾಗಾಗಿ ಆತ್ಮ ಇದೆ ಎಂದು ಒಪ್ಪದೆಯೂ ನಿಮ್ಮ ಮಗಳು ಅಲ್ಲಿ ನಿಲ್ಲಬಹುದು. ತನ್ನ ಹಿಂದಿನವರ ಹೆಸರು ಹೇಳಿ, ಅವರು ಮಾಡಿಟ್ಟ ತೋಟದ ಅನ್ನವನ್ನು ಅವರಿಗೆ ಮೊದಲು ಬಡಿಸಿದೆವು ಎಂದು ತಿಳಿದು ನಿಲ್ಲಬಹುದು. ಅದೂ ಸುಳ್ಳು ಅನ್ನಿಸಿದರೆ ನಿಲ್ಲದಿರುವ ಹಕ್ಕೂ ಅವಳಿಗೆ ಇದೆ, ಅವಳು ಈಗ ದೊಡ್ಡವಳು. ಒತ್ತಾಯ ಮಾಡಬೇಡಿ. ಪುತ್ತರಿಗೆ ಬಂದಾಗ ನೀವು ನಿಮ್ಮ ಪಾಡಿಗೆ ಶ್ರದ್ಧೆಯಿಂದ ಇಡಿ. ಯಾವ ಕಾರೋಣ ಏನು ಮಾಡಿದ, ಯಾವ ಗದ್ದೆ ಯಾರು ತೆಗೆದದ್ದು, ಗೊತ್ತಿದ್ದಷ್ಟು ಅವಳಿಗೆ ಹೇಳಿ. ಬಾವನ ಜೊತೆ ವಾದ ಬಂದರೆ ನೇಮನ ಪ್ರಶ್ನೆ ಅವಳಿಗೆ ಗೊತ್ತಿರಲಿ, ಅದಕ್ಕೆ ಇಂದ್ರ ಕೊಟ್ಟ ಉತ್ತರ ಬಾವನಿಗೆ ಗೊತ್ತಿರಲಿ.